ಪಳಗಿದ ಕೈಯ ಹಿಂಜರಿಕೆ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಉಲ್ಲನ್ ಹೆಣಿಗೆ ಬಲ್ಲ ಹೆಂಗಸರು ಇಂದಿಗೂ ಇದ್ದಾರೆ. ಎರಡು ಉದ್ದ ಕಡ್ಡಿಗಳಲ್ಲಿ ಸ್ವೆಟರಿನ ಬೆನ್ನು, ಎದೆ, ತೋಳುಗಳನ್ನು ಬೇರೆ ಬೇರೆಯಾಗಿ ಹೆಣೆದು ಕೊನೆಗೆ ದಪ್ಪ ಸೂಜಿಯಿಂದ ಜೋಡಿಸುವ ಕೆಲಸ ಅವರಿಗೆ ನೀರು ಕುಡಿದಷ್ಟು ಸಲೀಸು. ಧಾರಾವಾಹಿ ನೋಡುತ್ತ, ಹರಟುತ್ತ, ಕುಕ್ಕರಿನ ಸೀಟಿ ಎಣಿಸುತ್ತ ಅವರ ಕೈ ನಡೆದೇ ಇರುತ್ತದೆ. ಆದರೆ ಜೋಡಣೆಯೇ ಇಲ್ಲದ ಕುಲಾವಿಯನ್ನೋ ಕಾಲುಚೀಲವನ್ನೋ ಸುತ್ತು ಹೆಣಿಗೆಯಲ್ಲಿ ಹೆಣೆಯೋಣ ಎಂದರೆ ಅದೇ ಕೈ ಹಿಂದೆ ಸರಿಯುತ್ತದೆ. ‘ಅಷ್ಟೆಲ್ಲ ಕಡ್ಡಿ ಹಿಡಿಯೋದು ನಮ್ಮಿಂದಾಗಲ್ಲ’ ಎನ್ನುವ ಮಾತು ಹತ್ತು ಹದಿನೈದು ವರ್ಷ ಹಾಗೆಯೇ ಉಳಿದುಬಿಡುತ್ತದೆ. ಇದನ್ನು ನಾವು ಸೋಮಾರಿತನ ಎನ್ನುತ್ತೇವೆ, ವಯಸ್ಸಾಯಿತು ಎನ್ನುತ್ತೇವೆ, ಆಸಕ್ತಿಯಿಲ್ಲ ಎನ್ನುತ್ತೇವೆ. ಈ ಮೂರೂ ಕಾರಣಗಳು ಮೇಲುಮೇಲಿನವು ಎಂಬುದು ನನ್ನ ವಾದ. ಹಿಂಜರಿಕೆಯ ಬೇರು ಇರುವುದು ಪಳಗಿದ ಆ ಕೈಯ ಪರಿಣತಿಯಲ್ಲೇ. ಚೆನ್ನಾಗಿ ಬಲ್ಲವರು ಕೆಲಕಾಲ ಕೆಟ್ಟದಾಗಿ ಹೆಣೆಯಲು ಜಾಗ ಸಿಗದ ಹೊರತು, ಎಷ್ಟು ಹುರಿದುಂಬಿಸಿದರೂ ಹೊಸ ವಿಧಾನ ಕೈಹತ್ತುವುದಿಲ್ಲ.

ಮೊದಲು ಕೆಲಸವನ್ನೇ ಹತ್ತಿರದಿಂದ ನೋಡೋಣ. ಚಪ್ಪಟೆ ಹೆಣಿಗೆಯಲ್ಲಿ ಒಂದು ಸಾಲು ಮುಗಿದೊಡನೆ ಹೆಣೆದದ್ದನ್ನು ತಿರುಗಿಸಿಕೊಂಡು ಹಿಂಬದಿಯಿಂದ ಮರಳಿ ಬರಬೇಕು. ಹೋಗುವಾಗ ನಿಟ್, ಬರುವಾಗ ಪರ್ಲ್. ಪಕ್ಕದ ಮನೆಯ ಮರಾಠಿ ಗೆಳತಿಯರ ಮಾತಿನಲ್ಲಿ ಸುಲಟ, ಉಲಟ. ಸುತ್ತು ಹೆಣಿಗೆಯಲ್ಲಿ ತಿರುಗಿಸುವ ಮಾತೇ ಇಲ್ಲ. ಎರಡೂ ತುದಿ ಮೊನಚಾದ ನಾಲ್ಕು ಗಿಡ್ಡ ಕಡ್ಡಿಗಳ ಮೇಲೆ ಕುಣಿಕೆಗಳನ್ನು ಚೌಕವಾಗಿ ಹಂಚಿ, ಐದನೆಯ ಕಡ್ಡಿಯಿಂದ ಹೆಣೆಯುತ್ತ ಸುತ್ತಬೇಕು; ಇಲ್ಲವೇ ಎರಡು ಗಿಡ್ಡ ಕಡ್ಡಿಗಳನ್ನು ಬಳುಕುವ ಎಳೆಯೊಂದು ಜೋಡಿಸಿರುವ ಸರ್ಕ್ಯುಲರ್ ಕಡ್ಡಿಯನ್ನು ಬಳಸಬೇಕು. ಬಟ್ಟೆಯ ಮುಖ ಸದಾ ಹೆಣೆಯುವವರ ಕಡೆಗೇ ಇರುವುದರಿಂದ ಸಾದಾ ಹೆಣಿಗೆಗೆ ಪರ್ಲ್ ಬೇಡ, ವಿನ್ಯಾಸ ತಪ್ಪಿದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ, ಮಗುವಿನ ಪಾದಕ್ಕೆ ಒತ್ತುವ ಜೋಡಣೆಯ ಗೆರೆಯೂ ಇರುವುದಿಲ್ಲ. ಹೇಳಲು ಇಷ್ಟು ಸುಲಭವಾದದ್ದು ಕೈಗೆ ಬಂದಾಗ ಬೇರೆಯಾಗುತ್ತದೆ. ಮೊದಲ ಸುತ್ತನ್ನು ಕೂಡಿಸುವಾಗ ಎಲ್ಲ ಕುಣಿಕೆಗಳ ಬುಡವೂ ಒಳಮುಖವಾಗಿರಬೇಕು. ಎಲ್ಲೋ ಒಂದು ಕಡೆ ಸಾಲು ಕಡ್ಡಿಯ ಮೇಲೆ ಹೊರಳಿಕೊಂಡಿದ್ದರೆ ಇಡೀ ಬಳೆ ತಿರುಚಿಕೊಳ್ಳುತ್ತದೆ. ನಾಲ್ಕಾರು ಸುತ್ತು ಮುಗಿದ ಮೇಲೆ ಅದು ಗೊತ್ತಾದರೆ ಬಿಚ್ಚದೆ ಗತಿಯಿಲ್ಲ. ಒಂದು ಕಡ್ಡಿ ಮುಗಿದು ಇನ್ನೊಂದು ಶುರುವಾಗುವ ಮೂಲೆಯಲ್ಲಿ ನೂಲು ಸಡಿಲ ಬಿದ್ದು, ಕೆಳಗಿನಿಂದ ಮೇಲಕ್ಕೆ ಏಣಿಯಂಥ ಸಂದು ಏಳುತ್ತದೆ. ಎಷ್ಟೋ ಜನರ ಕೈಯಲ್ಲಿ ನಿಟ್ ಸಾಲಿಗಿಂತ ಪರ್ಲ್ ಸಾಲು ತುಸು ಸಡಿಲ. ಪರ್ಲ್ ಇಲ್ಲದ ಸುತ್ತು ಹೆಣಿಗೆಯಲ್ಲಿ ಬಿಗಿಯೇ ಬದಲಾಗುವುದರಿಂದ, ವರ್ಷಗಳಿಂದ ಬಾಯಿಪಾಠವಾಗಿದ್ದ ‘ಇಷ್ಟು ತಲೆಗೆ ಇಷ್ಟು ಕುಣಿಕೆ’ ಎಂಬ ಲೆಕ್ಕವೂ ಕೈಕೊಡುತ್ತದೆ.

ಪಳಗಿದವರಿಗೆ ನಾಟುವ ಪೆಟ್ಟು ಈ ಕೊನೆಯದು. ಏನೂ ಗೊತ್ತಿಲ್ಲದ ಹುಡುಗಿಗೆ ಕಳೆದುಕೊಳ್ಳಲು ಲೆಕ್ಕವೇ ಇರುವುದಿಲ್ಲ. ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ ಎಂಬ ಮನೋವಿಜ್ಞಾನಿಗಳು 1967ರಲ್ಲಿ ಕೈಕೆಲಸದ ಕಲಿಕೆಯನ್ನು ಮೂರು ಹಂತವಾಗಿ ವಿವರಿಸಿದರು. ಮೊದಲ ಹಂತದಲ್ಲಿ ಪ್ರತಿ ಚಲನೆಯನ್ನೂ ಮನಸ್ಸಿನಲ್ಲಿ ಹೇಳಿಕೊಂಡೇ ಮಾಡಬೇಕು. ಎರಡನೆಯದರಲ್ಲಿ ತಪ್ಪುಗಳು ಕಡಿಮೆಯಾಗಿ ಚಲನೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಮೂರನೆಯದರಲ್ಲಿ ಕೆಲಸ ತಾನಾಗಿಯೇ ನಡೆಯುತ್ತದೆ, ಗಮನವನ್ನೇ ಕೇಳುವುದಿಲ್ಲ. ಧಾರಾವಾಹಿ ನೋಡುತ್ತ ಹೆಣೆಯುವವರು ಇರುವುದು ಈ ಮೂರನೆಯ ಹಂತದಲ್ಲಿ. ಹೊಸ ವಿಧಾನ ಅವರನ್ನು ಮೊದಲ ಹಂತಕ್ಕೆ ದಬ್ಬುತ್ತದೆ. ಆಗ ಕಳೆದುಹೋಗುವುದು ವೇಗ ಮಾತ್ರವಲ್ಲ. ಹೆಣಿಗೆಯಿಂದ ಅವರು ಪಡೆಯುತ್ತಿದ್ದ ನೆಮ್ಮದಿ, ಕೈ ಕೆಲಸ ಮಾಡುತ್ತಿರುವಾಗ ಮನಸ್ಸಿಗೆ ಸಿಗುತ್ತಿದ್ದ ಬಿಡುವು, ಎರಡೂ ಹೋಗುತ್ತವೆ. ವಿಶ್ರಾಂತಿಗೆಂದು ಇಟ್ಟುಕೊಂಡ ಕೆಲಸ ಏಕಾಏಕಿ ಪರೀಕ್ಷೆಗೆ ಕೂತಂತಾದರೆ ಯಾರು ತಾನೇ ಅದನ್ನು ನಾಳೆಗೆ ತಳ್ಳುವುದಿಲ್ಲ?

ಪರಿಣತಿಯೇ ಅಡ್ಡಿಯಾಗುತ್ತದೆ ಎಂಬುದಕ್ಕೆ ಹೆಣಿಗೆಯ ಹೊರಗೂ ಪುರಾವೆಗಳಿವೆ. ಅಬ್ರಹಾಂ ಲೂಚಿನ್ಸ್ 1942ರಲ್ಲಿ ಪ್ರಕಟಿಸಿದ ನೀರಿನ ಪಾತ್ರೆಗಳ ಪ್ರಯೋಗ ಬಹು ಪ್ರಸಿದ್ಧ. ಮೂರು ಪಾತ್ರೆಗಳಿಂದ ನಿಗದಿತ ಪ್ರಮಾಣದ ನೀರು ಅಳೆಯುವ ಲೆಕ್ಕಗಳವು. ಸುತ್ತುಬಳಸಿನ ಒಂದೇ ಸೂತ್ರದಿಂದ ಬಿಡಿಸಬಹುದಾದ ಲೆಕ್ಕಗಳನ್ನು ಸಾಲಾಗಿ ಬಿಡಿಸಿದವರು, ಮುಂದೆ ಎರಡೇ ಹೆಜ್ಜೆಯಲ್ಲಿ ಮುಗಿಯುವ ಲೆಕ್ಕ ಬಂದಾಗಲೂ ಹಳೆಯ ಸೂತ್ರವನ್ನೇ ಹಿಡಿದರು. ಆ ಸೂತ್ರದ ಅಭ್ಯಾಸವಿಲ್ಲದವರಿಗೆ ಸುಲಭದ ದಾರಿ ಥಟ್ಟನೆ ಕಂಡಿತು. 2008ರಲ್ಲಿ ಮೆರಿಮ್ ಬಿಲಾಲಿಚ್ ಮತ್ತು ಸಂಗಡಿಗರು ನುರಿತ ಚೆಸ್ ಆಟಗಾರರ ಕಣ್ಣಿನ ಚಲನೆಯನ್ನು ಯಂತ್ರದಿಂದ ದಾಖಲಿಸಿದಾಗ ಇನ್ನೂ ಸೂಕ್ಷ್ಮವಾದದ್ದೊಂದು ಕಂಡಿತು. ಇದಕ್ಕಿಂತ ಒಳ್ಳೆಯ ನಡೆ ಹುಡುಕುತ್ತಿದ್ದೇವೆ ಎಂದು ಆಟಗಾರರು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದರು. ಅವರ ಕಣ್ಣು ಮಾತ್ರ ಮೊದಲು ಹೊಳೆದ ಪರಿಚಿತ ನಡೆಯ ಮನೆಗಳಿಗೇ ಮತ್ತೆ ಮತ್ತೆ ಹೋಗುತ್ತಿತ್ತು. ಹೆಣಿಗೆಯವರ ಬೆರಳಿಗೂ ಇದನ್ನು ಅನ್ವಯಿಸಬಹುದು. ಸುತ್ತು ಹೆಣಿಗೆಯ ನಾಲ್ಕನೆಯ ಕಡ್ಡಿ ಮುಗಿದಾಗ ಕೈ ತಾನಾಗಿಯೇ ಕೆಲಸವನ್ನು ತಿರುಗಿಸಲು ಹೊರಡುತ್ತದೆ, ಸಾಲು ಮುಗಿದರೆ ತಿರುಗಿಸಬೇಕೆಂದು ಇಷ್ಟು ವರ್ಷ ಕಲಿತದ್ದರಿಂದ. ಇಲ್ಲಿ ಕೈಗೆ ದಡ್ಡತನವಿಲ್ಲ. ಕಲಿತದ್ದನ್ನು ಅದು ಚೆನ್ನಾಗಿ ಕಲಿತಿದೆ, ಅಷ್ಟೇ.

ಹಾಗಾದರೆ ಹೊಸದನ್ನು ಕಲಿಯುವುದರ ಬೆಲೆ ಏನು? ಸಾಮಗ್ರಿಯ ಬೆಲೆಯಂತೂ ಅಲ್ಲ. ಬಟ್ಟೆ ಕತ್ತರಿಸುವ ದರ್ಜಿಯ ತಪ್ಪು ಬಟ್ಟೆಯನ್ನೇ ಹಾಳುಮಾಡುತ್ತದೆ. ಹೆಣಿಗೆಯ ತಪ್ಪನ್ನು ಬಿಚ್ಚಿ ಉಂಡೆ ಸುತ್ತಿದರೆ ಉಲ್ಲನ್ ಮತ್ತೆ ಕೈಗೆ ಬರುತ್ತದೆ. ತಪ್ಪಿಗೆ ಇಷ್ಟು ಕಡಿಮೆ ದಂಡ ತೆರುವ ಕೈಕೆಲಸ ಬೇರೊಂದಿಲ್ಲವೆನ್ನಬಹುದು. ಹಾಗಿದ್ದೂ ಹಿಂಜರಿಕೆ ಇದೆ ಎಂದರೆ ಬೆಲೆ ಬೇರೆ ಕಡೆ ಬೀಳುತ್ತಿರಬೇಕು. ಅದು ಬೀಳುವುದು ಹೆಸರಿನ ಮೇಲೆ. ಹತ್ತು ವರ್ಷದ ಹುಡುಗಿ ಹೆಣೆದ ಮೊದಲ ಮಫ್ಲರ್ ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದಾಗಿದ್ದರೂ ಮನೆಯವರೆಲ್ಲ ಮೆಚ್ಚುತ್ತಾರೆ. ಐವತ್ತು ದಾಟಿದ, ಓರಗಿತ್ತಿಯರೂ ನಾದಿನಿಯರೂ ‘ಅವರ ಕೈ ಹೆಣಿಗೆ ಅಂದ್ರೆ ಅಂಗಡಿಯದಕ್ಕಿಂತ ಚೆಂದ’ ಎಂದು ಹೊಗಳುವ ಹೆಂಗಸು ಏಣಿ ಎದ್ದ ಕಾಲುಚೀಲ ಹಿಡಿದು ನಿಲ್ಲಲಾರಳು. ಧಾರವಾಡ, ಹುಬ್ಬಳ್ಳಿ ಕಡೆಯಿಂದ ಬಂದ ಮನೆಗಳಲ್ಲಿ ಕಸೂತಿಯ ವಿಷಯದಲ್ಲೂ ಇದನ್ನು ಕಾಣಬಹುದು. ಅಡ್ಡಹೊಲಿಗೆಯ ಮೆಂತಿಯಲ್ಲಿ ಕೈ ಪಳಗಿದವರು, ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕಾದ ಗವಂತಿಗೆ ಇಳಿಯಲು ಅನುಮಾನಿಸುತ್ತಾರೆ. ಗವಂತಿಯಲ್ಲಿ ಹೋಗುವಾಗ ಒಂದೊಂದು ಹೊಲಿಗೆಯ ಜಾಗ ಬಿಟ್ಟುಕೊಂಡು ಹೋಗಿ, ಮರಳುವಾಗ ಆ ಖಾಲಿ ತುಂಬಿಕೊಂಡು ಬರಬೇಕು. ಎಳೆಯ ಎಣಿಕೆ ಒಂದು ತಪ್ಪಿದರೆ ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ. ಮೆಂತಿಯಲ್ಲಿ ಮಾಡಿದ ಹೆಸರನ್ನು ಗವಂತಿಯಲ್ಲಿ ಪಣಕ್ಕಿಡಲು ಮನಸ್ಸು ಬರುವುದಿಲ್ಲ.

ಈ ಊರುಗಳ ಬದುಕಿನ ಲಯ ಹಿಂಜರಿಕೆಯನ್ನು ಇನ್ನಷ್ಟು ಗಟ್ಟಿಮಾಡುತ್ತದೆ. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಹೊರಟ ರೈಲು ಥಾಣೆಗೆ ಬಂದಂದಿನಿಂದ ಈ ಭಾಗದ ದಿನಚರಿಯನ್ನು ಗಡಿಯಾರಕ್ಕಿಂತ ರೈಲೇ ಹೆಚ್ಚು ನಿರ್ಧರಿಸಿದೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಸುಮಾರು 48 ಕಿಲೋಮೀಟರ್; ಸ್ಲೋ ಗಾಡಿಯಲ್ಲಿ ಒಂದು ಗಂಟೆ ಮೀರಿದ ಹಾದಿ. ಲೇಡೀಸ್ ಡಬ್ಬಿಯಲ್ಲಿ ತರಕಾರಿ ಹೆಚ್ಚುವವರು, ಸ್ತೋತ್ರ ಓದುವವರು, ಕ್ರೋಶಾ ಹಾಕುವವರು, ಹೆಣೆಯುವವರು ಎಲ್ಲರೂ ಸಿಗುತ್ತಾರೆ. ಇದನ್ನು ನೋಡಿ, ದಿನಕ್ಕೆ ಎರಡು ಗಂಟೆ ಕೈಯಲ್ಲಿರುವಾಗ ಕಲಿಯಲು ವೇಳೆಯಿಲ್ಲ ಎನ್ನುವುದು ನೆಪ ಎಂದು ಹೇಳುವುದುಂಟು. ರೈಲಿನ ವೇಳೆ ಎಂಥದ್ದು ಎಂಬುದನ್ನು ಆ ಮಾತು ಗಮನಿಸುವುದಿಲ್ಲ. ಸೀಟು ಸಿಗಲೆಂದು ಡೊಂಬಿವಲಿಯವರು ಡೌನ್ ಗಾಡಿ ಹತ್ತಿ ಕಲ್ಯಾಣಕ್ಕೆ ಹೋಗಿ ಅದೇ ಡಬ್ಬಿಯಲ್ಲಿ ಮರಳುತ್ತಾರೆ. ಸಿಕ್ಕರೂ ಮೂವರ ಬೆಂಚಿನಲ್ಲಿ ಫೋರ್ತ್ ಸೀಟಿನವರಿಗೆ ಸರಿದುಕೊಡಬೇಕು. ಮೊಣಕೈ ಅಲ್ಲಾಡಿಸಲೂ ಎಡೆಯಿಲ್ಲ. ಘಾಟ್ಕೋಪರ್ ಬರುತ್ತಿದ್ದಂತೆ ಇಳಿಯುವವರಿಗೆ ದಾರಿ ಬಿಡಬೇಕು, ಯಾವ ಗಳಿಗೆಯಲ್ಲಾದರೂ ಕೆಲಸವನ್ನು ಚೀಲಕ್ಕೆ ತುರುಕಬೇಕಾದೀತು. ಇಂಥ ಕಡೆ ನಡೆಯುವುದು ಮೂರನೆಯ ಹಂತದ ಹೆಣಿಗೆ ಮಾತ್ರ, ಅಂದರೆ ಎಣಿಸದೆ, ನೋಡದೆ ನಡೆಯುವ ಹೆಣಿಗೆ. ಮೊದಲ ಹಂತದವರು ಬಾಯಲ್ಲಿ ಎಣಿಸುತ್ತಿರುವಾಗ ಯಾರೋ ‘ಠಾಣಾ ಆಲಾ ಕಾ’ (ಥಾಣೆ ಬಂತೇ) ಎಂದು ಕೇಳಿದರೆ ಎಣಿಕೆ ಹೋಯಿತು. ಹೀಗೆ ರೈಲು ಪ್ರತಿದಿನ ಎರಡು ಗಂಟೆ ಹಳೆಯ ವಿಧಾನಕ್ಕೇ ತಾಲೀಮು ಕೊಡುತ್ತದೆ. ಇದರಲ್ಲೊಂದು ವ್ಯಂಗ್ಯವೂ ಇದೆ. ಒಂದಡಿ ದಾಟಿದ ಉದ್ದ ಕಡ್ಡಿಯ ತುದಿ ಪಕ್ಕದವರ ಪಕ್ಕೆಗೆ ತಾಗುತ್ತದೆ. ಸರ್ಕ್ಯುಲರ್ ಕಡ್ಡಿಯಾದರೆ ಹೊರಚಾಚುವುದಿಲ್ಲ, ಹೆಣೆದದ್ದರ ಭಾರವೂ ಮಡಿಲಿನಲ್ಲೇ ಕೂರುತ್ತದೆ. ಫೋರ್ತ್ ಸೀಟಿಗೆ ಹೇಳಿ ಮಾಡಿಸಿದ ಕಡ್ಡಿಯದು, ಆದರೆ ಅದನ್ನು ಫೋರ್ತ್ ಸೀಟಿನಲ್ಲಿ ಕೂತು ಕಲಿಯಲಾಗದು.

ಮನಸ್ಸಿದ್ದರೆ ಮಾರ್ಗ, ಛಲವಿದ್ದವರು ಎಲ್ಲಿದ್ದರೂ ಕಲಿಯುತ್ತಾರೆ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ. ನಡುವಯಸ್ಸಿನಲ್ಲಿ ಕೈಕೆಲಸ ಕಲಿತು ಹೆಸರಾದವರ ಉದಾಹರಣೆಗೆ ಗಾಂಧೀಜಿಯವರಿಗಿಂತ ದೊಡ್ಡವರು ಬೇಕಿಲ್ಲ. 1869ರಲ್ಲಿ ಹುಟ್ಟಿದ ಅವರು ನೂಲುವುದಕ್ಕೆ ಕೂತದ್ದು ಐವತ್ತರ ಆಸುಪಾಸಿನಲ್ಲಿ. ಆದರೆ ಆ ಕಥೆಯನ್ನು ಅವರ ಆತ್ಮಕಥೆಯಲ್ಲೇ ಓದಿದರೆ ಛಲಕ್ಕಿಂತ ಹೆಚ್ಚಿನದು ಕಾಣುತ್ತದೆ. ಗಂಗಾಬೆನ್ ಮಜಮುದಾರ್ ಹುಡುಕಾಡಿ ಗುಜರಾತಿನ ವಿಜಾಪುರದಲ್ಲಿ ಚರಕಾಗಳನ್ನು ಪತ್ತೆಹಚ್ಚಿದರು, ಆಶ್ರಮದಲ್ಲಿ ಪ್ರಯೋಗಗಳು ನಡೆದವು, ಮೊದಮೊದಲ ಖಾದಿಗೆ ಗಜವೊಂದಕ್ಕೆ 17 ಆಣೆ ಬಿತ್ತು. ಬಟ್ಟೆ ಒರಟು, ಬೆಲೆ ದುಬಾರಿ. ಹಾಗಿದ್ದರೂ ಆ ಬೆಲೆ ಕೊಟ್ಟು ಕೊಳ್ಳುವ ಗೆಳೆಯರಿದ್ದರು. ಗಾಂಧೀಜಿಯವರಿಗೆ ಛಲ ಬೇಕಾದಷ್ಟಿತ್ತು, ನಿಜ. ಅದರ ಜೊತೆಗೆ ಕೆಟ್ಟ ನೂಲನ್ನೂ ಕೆಲಸವೆಂದೇ ಒಪ್ಪಿಕೊಳ್ಳುವ ಆಶ್ರಮವಿತ್ತು, ಒರಟು ಬಟ್ಟೆಯನ್ನು ತಿರಸ್ಕರಿಸದ ಗಿರಾಕಿಗಳಿದ್ದರು, ಸುತ್ತ ಕೂತವರೂ ಅದನ್ನೇ ಕಲಿಯುತ್ತಿದ್ದರು. ನೂಲುವಿಕೆಯಲ್ಲಿ ಅವರಿಗೆ ಉಳಿಸಿಕೊಳ್ಳಬೇಕಾದ ಹಳೆಯ ಹೆಸರೂ ಇರಲಿಲ್ಲ. ಇವನ್ನೆಲ್ಲ ಪಕ್ಕಕ್ಕಿಟ್ಟು ಛಲವೊಂದನ್ನೇ ಕೊಂಡಾಡಿದರೆ, ಕಲಿಯಲಾಗದವರಿಗೆ ಕೊನೆಗೆ ಉಳಿಯುವುದು ತಪ್ಪಿತಸ್ಥ ಭಾವನೆ ಮಾತ್ರ.

ವಯಸ್ಸಿನ ಆಕ್ಷೇಪಕ್ಕೆ ಇನ್ನಷ್ಟು ತೂಕವಿದೆ. ಅದನ್ನು ತಳ್ಳಿಹಾಕುವ ಬದಲು ಅಳೆದು ನೋಡಬೇಕು. 2004ರಲ್ಲಿ ಬೊಗ್ದಾನ್ ದ್ರಗಾನ್‌ಸ್ಕಿ ಮತ್ತು ಸಂಗಡಿಗರು ಮೂರು ಚೆಂಡುಗಳನ್ನು ಸರತಿಯಲ್ಲಿ ಎಸೆದು ಹಿಡಿಯುವ ಆಟ ಕಲಿತ ಎಳೆಯರ ಮಿದುಳಿನ ಚಿತ್ರಗಳನ್ನು ತೆಗೆದಾಗ, ಮೂರು ತಿಂಗಳ ಅಭ್ಯಾಸದ ನಂತರ ಚಲನೆಯನ್ನು ಗುರುತಿಸುವ ಭಾಗಗಳಲ್ಲಿ ಹೆಚ್ಚಳ ಕಂಡಿತು. ಅಭ್ಯಾಸ ನಿಂತ ಮೇಲೆ ಅದು ಇಳಿಯಿತು. 2008ರಲ್ಲಿ ಯಾನೀನಾ ಬೋಯ್ಕೆ ಮತ್ತು ಸಂಗಡಿಗರು ಇದೇ ಆಟವನ್ನು ಅರವತ್ತರ ಆಸುಪಾಸಿನವರಿಗೆ ಕಲಿಸಿದರು. ಹಿರಿಯರಲ್ಲಿ ಪೂರ್ತಿ ಪಳಗಿದವರ ಪ್ರಮಾಣ ಕಡಿಮೆಯಿತ್ತು, ಆದರೂ ಕಲಿತವರ ಮಿದುಳಿನಲ್ಲಿ ಬದಲಾವಣೆ ಕಂಡಿತು. ವಯಸ್ಸು ವೇಗವನ್ನು ಕಿತ್ತುಕೊಳ್ಳುತ್ತದೆ, ಬಾಗಿಲನ್ನು ಮುಚ್ಚುವುದಿಲ್ಲ ಎಂಬಷ್ಟನ್ನು ಇದರಿಂದ ಹೇಳಬಹುದು. ಡೆನಿಸ್ ಪಾರ್ಕ್ ನೇತೃತ್ವದಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಅರವತ್ತು ದಾಟಿದವರ ಕೆಲವು ಗುಂಪುಗಳಿಗೆ ವಾರಕ್ಕೆ ಸುಮಾರು 15 ಗಂಟೆಯಂತೆ ಮೂರು ತಿಂಗಳು ಕೌದಿಯಂಥ ಹೊಲಿಗೆಯನ್ನೋ ಡಿಜಿಟಲ್ ಛಾಯಾಗ್ರಹಣವನ್ನೋ ಕಲಿಸಿದರು. ಇನ್ನು ಕೆಲವು ಗುಂಪುಗಳಿಗೆ ಹೊಸದೇನನ್ನೂ ಕಲಿಸದೆ ಬೆರೆತು ಹರಟುವ, ಪರಿಚಿತ ಕೆಲಸಗಳಲ್ಲಿ ತೊಡಗುವ ಅವಕಾಶ ಕೊಟ್ಟರು. ನೆನಪಿನ ಶಕ್ತಿ ಸುಧಾರಿಸಿದ್ದು ಹೊಸದನ್ನು ಕಲಿತವರಲ್ಲಿ. ಅದರಲ್ಲೂ ಹೆಚ್ಚು ಲಾಭ ಕಂಡದ್ದು ಹೊಲಿಗೆಗಿಂತ ಛಾಯಾಗ್ರಹಣದಲ್ಲಿ. ಹೆಣಿಗೆ ಮಿದುಳಿಗೆ ಒಳ್ಳೆಯದು ಎಂದು ಸಲೀಸಾಗಿ ಹೇಳುವವರು ಈ ವ್ಯತ್ಯಾಸವನ್ನು ಗಮನಿಸಬೇಕು. ಬಂದದ್ದನ್ನೇ ಬಂದಂತೆ ಹೆಣೆಯುವುದು ಮನಸ್ಸಿಗೆ ಹಿತ ಕೊಟ್ಟೀತು, ಆದರೆ ಹೊಸ ಕಲಿಕೆಯ ಫಲವನ್ನು ಅದರಿಂದ ನಿರೀಕ್ಷಿಸಲಾಗದು.

ಈಗ ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದಲ್ಲ, ಕಲಿಯುವ ಜಾಗ ಎಂದು ಯಾಕೆ ಹಲುಬಬೇಕು ಎಂದೂ ಕೇಳಬಹುದು. ಯೂಟ್ಯೂಬಿನ ಉಪಕಾರ ಸಣ್ಣದಲ್ಲ. ಯಾರ ಕಣ್ಣಿಗೂ ಬೀಳದೆ ತಪ್ಪು ಮಾಡುವ ಅವಕಾಶವನ್ನು ಅದು ಕೊಡುತ್ತದೆ, ನನ್ನ ವಾದಕ್ಕೆ ಅದು ಪೂರಕವೇ. ಆದರೆ ವಿಡಿಯೋ ತೋರಿಸುವುದು ತಪ್ಪದ ಕೈಯನ್ನು. ಕಲಿಯುವವರಿಗೆ ಬೇಕಾದದ್ದು ತಮ್ಮ ತಪ್ಪು ಎಲ್ಲಿದೆ ಎಂಬ ಉತ್ತರ. ಮೊದಲ ಸುತ್ತು ತಿರುಚಿಕೊಂಡಿದೆಯೋ ಇಲ್ಲವೋ, ಮೂಲೆಯ ಸಡಿಲ ಬಂದದ್ದು ನೂಲು ಎಳೆಯದ್ದರಿಂದಲೋ ಕಡ್ಡಿಗಳ ನಡುವಿನ ಕೋನದಿಂದಲೋ ಎಂಬುದನ್ನು ಪರದೆ ಹೇಳಲಾರದು; ಪಕ್ಕದಲ್ಲಿ ಕೂತವರು ಒಂದು ನೋಟದಲ್ಲಿ ಹೇಳುತ್ತಾರೆ. ಪಕ್ಕದಲ್ಲಿ ಎಂದದ್ದು ಬೇಕೆಂದೇ, ಎದುರಿಗೆ ಕೂತರೆ ಎಡ ಬಲ ಅದಲುಬದಲಾಗುತ್ತದೆ. ಅಜ್ಜಿಯಂದಿರು ಮೊಮ್ಮಕ್ಕಳನ್ನು ತಮ್ಮ ಪಕ್ಕಕ್ಕೆ ಒತ್ತರಿಸಿ ಕೂರಿಸಿಕೊಂಡು ಕಡ್ಡಿ ಹಿಡಿಸುತ್ತಿದ್ದುದರಲ್ಲಿ ಅಕ್ಕರೆಯಷ್ಟೇ ವಿವೇಕವೂ ಇತ್ತು.

ಇಷ್ಟಕ್ಕೂ ಈ ಸೆಕೆಯ ಊರಿನಲ್ಲಿ ಉಲ್ಲನ್ ಯಾಕೆ, ಯಂತ್ರದ ಕಾಲದಲ್ಲಿ ಕೈಹೆಣಿಗೆ ಯಾಕೆ ಎಂಬ ಪ್ರಶ್ನೆಗೆ ಥಾಣೆಯ ಇತಿಹಾಸವೇ ಅರ್ಧ ಉತ್ತರ ಕೊಡುತ್ತದೆ. ಉಣ್ಣೆ ಬಟ್ಟೆಗೆ ದೇಶದಲ್ಲೇ ಹೆಸರಾದ ರೇಮಂಡ್ ಗಿರಣಿ 1925ರಲ್ಲಿ ಶುರುವಾದದ್ದು ಚಳಿಯ ಯಾವುದೋ ಗುಡ್ಡದಲ್ಲಲ್ಲ, ಇದೇ ಥಾಣೆಯಲ್ಲಿ. ಇಂದು ಆ ನೆಲದಲ್ಲಿ ವಸತಿ ಗೋಪುರಗಳು ಎದ್ದಿವೆ. ಉಣ್ಣೆ ತಯಾರಾಗುವ ಊರು ಬೇರೆ, ತೊಡುವ ಊರು ಬೇರೆ ಆಗಬಹುದು. ಇಲ್ಲಿ ಹೆಣೆದ ಕುಲಾವಿ ಬೆಳಗಾವಿಯ ಮೊಮ್ಮಗುವಿಗೋ, ಮಡಿಕೇರಿಯ ನೆಂಟರಿಗೋ, ವಿದೇಶದಲ್ಲಿರುವ ಮಗಳ ಬಾಣಂತನಕ್ಕೋ ಹೋಗುತ್ತದೆ. ಯಂತ್ರದ ಮಾತೂ ಹೊಸದಲ್ಲ. ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಕಟ್ಟಿದ್ದು 1589ರಲ್ಲಿ. ಪಕ್ಕದ ಭಿವಂಡಿಯಲ್ಲಿ ಲಕ್ಷಗಟ್ಟಲೆ ವಿದ್ಯುತ್ ಮಗ್ಗಗಳು ಹಗಲಿರುಳು ಬಟ್ಟೆ ಹೊರಹಾಕುತ್ತವೆ. ನಾಲ್ಕು ಶತಮಾನ ಯಂತ್ರದ ಪಕ್ಕದಲ್ಲೇ ಬಾಳಿದ ಕೈಹೆಣಿಗೆ ಅಗ್ಗದ ಬೆಲೆಯಿಂದ ಉಳಿದದ್ದಲ್ಲ; ಹೆಣೆಯುವವರಿಗೂ ತೊಡುವವರಿಗೂ ನಡುವೆ ಒಂದು ನಂಟನ್ನು ಉಳಿಸಿದ್ದರಿಂದ ಉಳಿಯಿತು. ಆ ನಂಟಿಗಾಗಿಯೇ ಹೆಣೆಯುವುದಾದರೆ ಮಗುವಿನ ಕಾಲಿಗೆ ಒತ್ತದ ಕಾಲುಚೀಲ ಹೆಣೆಯುವುದು ಮೇಲು. ಹಿಮ್ಮಡಿಯ ತಿರುವಿನಲ್ಲಿ ಅರ್ಧ ಕುಣಿಕೆಗಳನ್ನು ಸುಮ್ಮನೆ ಬಿಟ್ಟು, ಉಳಿದರ್ಧವನ್ನು ಹಿಂದೆ ಮುಂದೆ ಹೆಣೆಯುತ್ತ, ಪ್ರತಿ ಸಾಲಿಗೂ ಒಂದೊಂದು ಕುಣಿಕೆ ಬಿಡುತ್ತ ಬಂದು, ಅವನ್ನು ಮತ್ತೆ ಒಂದೊಂದಾಗಿ ಕೂಡಿಸಿಕೊಂಡಾಗ ಚಪ್ಪಟೆಯಾಗಿದ್ದ ಹೆಣಿಗೆ ಬಟ್ಟಲಿನಂತೆ ಬಾಗಿ ಹಿಮ್ಮಡಿಯನ್ನು ಹಿಡಿಯುತ್ತದೆ. ಎಲ್ಲೂ ಹೊಲಿಗೆಯಿಲ್ಲ, ಎಲ್ಲೂ ಕತ್ತರಿಯಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೂ ಉಳಿದಿದೆ. ಕಲಿಯದೇ ಇರುವುದೂ ಒಂದು ವಿವೇಕವಲ್ಲವೇ? ಇರುವ ಆಯುಷ್ಯದಲ್ಲಿ ಎಲ್ಲವನ್ನೂ ಕಲಿಯಲಾಗದು. ಎರಡೇ ಕಡ್ಡಿಯಲ್ಲಿ ಆಳಕ್ಕಿಳಿದವರು ಐದು ಕಡ್ಡಿಗೆ ಕೈಹಾಕದಿದ್ದರೆ ಯಾರಿಗೇನು ನಷ್ಟ? ಈ ಮಾತಿನ ಬಹುಪಾಲನ್ನು ನಾನು ಒಪ್ಪುತ್ತೇನೆ. ಹೊಸದೆಲ್ಲ ಒಳ್ಳೆಯದೆಂಬ ಹುಚ್ಚಿಗೆ ಕೈಕೆಲಸದ ಲೋಕದಲ್ಲಿ ಜಾಗವಿಲ್ಲ. ಆದರೆ ಬೇಡವೆಂದು ಬಿಟ್ಟದ್ದಕ್ಕೂ ಹೆದರಿ ಬಿಟ್ಟದ್ದಕ್ಕೂ ವ್ಯತ್ಯಾಸವಿದೆ, ಅದನ್ನು ಗುರುತಿಸುವ ಪರೀಕ್ಷೆಯೂ ಸರಳ. ಬೇಡವೆಂದು ಬಿಟ್ಟ ವಿಧಾನ ಮತ್ತೆ ಎದುರಾಗುವುದಿಲ್ಲ, ಎದುರಾದರೂ ಕಾಡುವುದಿಲ್ಲ. ಹೆದರಿ ಬಿಟ್ಟ ವಿಧಾನಕ್ಕೆ ಪ್ರತಿ ಸಲವೂ ಸುಂಕ ಕಟ್ಟಬೇಕು. ಇಷ್ಟವಾದ ಮಾದರಿ ಸಿಕ್ಕಾಗ ಅದನ್ನು ಕೈಬಿಡುವುದು, ಸುತ್ತಿನ ಮಾದರಿಯನ್ನು ಚಪ್ಪಟೆಗೆ ಇಳಿಸಿಕೊಳ್ಳಲು ಲೆಕ್ಕ ಹಾಕುತ್ತ ಕೂರುವುದು, ಹೆಣೆದು ಮುಗಿದ ಮೇಲೆ ಜೋಡಣೆಗೆ ಬೇಸರಪಟ್ಟು ತುಂಡುಗಳನ್ನು ತಿಂಗಳುಗಟ್ಟಲೆ ಕಪಾಟಿನಲ್ಲಿ ಇಡುವುದು, ಇವೆಲ್ಲ ಆ ಸುಂಕವೇ. ಸುಂಕ ಬೆಳೆಯುತ್ತಿದ್ದರೆ ಅದನ್ನು ಆಯ್ಕೆ ಎನ್ನುವುದು ನಮಗೆ ನಾವೇ ಹೇಳಿಕೊಳ್ಳುವ ಸಮಾಧಾನ. ಬೆಳೆಯದಿದ್ದರೆ ಎರಡು ಕಡ್ಡಿಯಲ್ಲೇ ಸುಖವಾಗಿರುವವರನ್ನು ಕಾಡುವ ಹಕ್ಕು ಯಾರಿಗೂ ಇಲ್ಲ.

ಸುಂಕ ಕಟ್ಟುತ್ತಿರುವವರಿಗೆ ಏನು ಮಾಡಬಹುದು ಎಂಬಲ್ಲಿಗೆ ಈ ವಾದ ಬರಬೇಕು. ಈ ಭಾಗದಲ್ಲಿ ಕನ್ನಡ ಸಂಘಟನೆಗಳಿಗೆ ಬಡತನವಿಲ್ಲ. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ನಡೆಸುತ್ತ ಬಂದಿದೆ. ಥಾಣೆಯಲ್ಲೂ ಕಲ್ಯಾಣದಲ್ಲೂ ನವಿ ಮುಂಬಯಿಯಲ್ಲೂ ಕನ್ನಡಿಗರ ಸಂಘಗಳು, ಜಾತಿ ಸಮುದಾಯಗಳ ಸಂಘಗಳು, ಅವುಗಳ ಮಹಿಳಾ ವಿಭಾಗಗಳು ಕೆಲಸ ಮಾಡುತ್ತಿವೆ. ಇಂಥ ಸಂಘಗಳಲ್ಲಿ ಕೈಕೆಲಸಕ್ಕೆ ಸಾಮಾನ್ಯವಾಗಿ ಎರಡು ಬಗೆಯ ಜಾಗ ಇರುತ್ತದೆ, ಏನೂ ಬಾರದವರಿಗೆ ತರಗತಿ, ಎಲ್ಲ ಬಲ್ಲವರಿಗೆ ಸ್ಪರ್ಧೆ. ಒಂದನ್ನು ಬಲ್ಲ, ಇನ್ನೊಂದನ್ನು ಅರಿಯದ ಮಧ್ಯದವರಿಗೆ ಎರಡೂ ಕಡೆ ಜಾಗವಿಲ್ಲ. ತರಗತಿಗೆ ಹೋಗಲು ಅವರಿಗೆ ಸಂಕೋಚ, ಸ್ಪರ್ಧೆಗೆ ಹೊಸದನ್ನು ಒಯ್ಯಲು ಅಳುಕು. ಸ್ಪರ್ಧೆಯಂತೂ ಮುಗಿದ, ಮಟ್ಟಸವಾದ ಕೆಲಸಕ್ಕಷ್ಟೇ ಬಹುಮಾನ ಕೊಟ್ಟು, ಬಲ್ಲದ್ದನ್ನೇ ಮತ್ತೊಮ್ಮೆ ಮಾಡಿ ಎಂದು ಹೇಳಿಕೊಡುತ್ತದೆ. ಇವೆರಡರ ನಡುವೆ ತಿಂಗಳಿಗೊಂದು ಮಧ್ಯಾಹ್ನ ಬೇಕು. ಅದಕ್ಕೆ ರವಿವಾರ ಒಂದು ಕೋಣೆ, ಹತ್ತು ಕುರ್ಚಿ ಸಿಕ್ಕರೆ ಸಾಕು. ನಿಯಮಗಳೂ ಕೆಲವೇ ಇರಲಿ. ತಪ್ಪು ಕಣ್ಣಿಗೆ ಕಾಣುವಂತೆ ತಿಳಿಬಣ್ಣದ ದಪ್ಪ ಉಲ್ಲನ್ ತರಬೇಕು. ಯಾರಿಗೂ ಕೊಡುವ ವಸ್ತುವನ್ನು ಅಲ್ಲಿ ಹೆಣೆಯಬಾರದು. ಹೊರಡುವ ಮುನ್ನ ಹೆಣೆದದ್ದನ್ನೆಲ್ಲ ಬಿಚ್ಚಿ ಉಂಡೆ ಸುತ್ತಿಕೊಳ್ಳಬೇಕು. ಬಿಚ್ಚುವುದು ಮೊದಲೇ ಗೊತ್ತಿದ್ದರೆ ಕೆಟ್ಟದ್ದಾದೀತೆಂಬ ಭಯಕ್ಕೆ ಹಿಡಿತವಿರುವುದಿಲ್ಲ. ಗವಂತಿ ಬಲ್ಲವರು ಸುತ್ತು ಹೆಣಿಗೆಗೆ ಕೂರಲಿ, ಸುತ್ತು ಹೆಣಿಗೆ ಬಲ್ಲವರು ಗವಂತಿಗೆ ಕೂರಲಿ. ಒಂದು ಗಳಿಗೆ ಕಲಿಸಿದವರೇ ಮುಂದಿನ ಗಳಿಗೆ ಎಡವುತ್ತಿರುವುದನ್ನು ಎಲ್ಲರೂ ನೋಡಿದರೆ ಹೆಸರಿನ ಲೆಕ್ಕಾಚಾರ ತಾನಾಗಿಯೇ ಸಡಿಲವಾಗುತ್ತದೆ.

ಇದರಿಂದ ಬೇರೊಂದು ಫಲವೂ ಉಂಟು. ಕೈಕೆಲಸಗಳು ಮುಂದಿನ ತಲೆಮಾರಿಗೆ ಇಳಿಯುತ್ತಿಲ್ಲ ಎಂಬ ಕೊರಗನ್ನು ಸಭೆಗಳಲ್ಲಿ ಆಗಾಗ ಕೇಳುತ್ತೇವೆ. ಇಂದಿನ ಹುಡುಗಿಯರು ಕಾಣುವುದು ಮುಗಿದ ಸ್ವೆಟರನ್ನು, ತಪ್ಪದ ಕೈಯನ್ನು. ಆ ಎತ್ತರಕ್ಕೂ ತಮಗೂ ನಡುವಿನ ಮೆಟ್ಟಿಲುಗಳು ಅವರಿಗೆ ಕಾಣುವುದೇ ಇಲ್ಲ. ಐವತ್ತೈದರ ಚಿಕ್ಕಮ್ಮ ತಿರುಚಿಕೊಂಡ ಸುತ್ತನ್ನು ನಗುತ್ತ ಬಿಚ್ಚುವುದನ್ನು ಕಂಡ ಹುಡುಗಿಗೆ, ಕಲಿಕೆ ಎಂದರೆ ಹೀಗೆಯೇ ಇರುತ್ತದೆ ಎಂಬ ತಿಳಿವಳಿಕೆ ಯಾವ ಉಪದೇಶವೂ ಇಲ್ಲದೆ ಸಿಗುತ್ತದೆ. ನನ್ನ ವಾದ ತಪ್ಪಿದ್ದರೆ ಅದನ್ನು ತೋರಿಸುವುದೂ ಕಷ್ಟವಲ್ಲ. ಯಾವುದಾದರೂ ಒಂದು ಸಂಘ ಇಂಥ ಮಧ್ಯಾಹ್ನಗಳನ್ನು ಒಂದು ವರ್ಷ ನಡೆಸಲಿ. ಆಮೇಲೂ ಪಳಗಿದ ಕೈಗಳು ಎರಡು ಕಡ್ಡಿಯಾಚೆಗೆ ಬರಲೊಲ್ಲೆ ಎಂದರೆ ವಯಸ್ಸನ್ನೋ ಆಸಕ್ತಿಯನ್ನೋ ಕಾರಣವೆಂದು ಒಪ್ಪೋಣ. ಅಲ್ಲಿಯವರೆಗೆ, ಕೆಟ್ಟದಾಗಿ ಹೆಣೆಯಲು ಒಂದು ಮೂಲೆಯನ್ನೂ ಕೊಡದೆ ಅವರನ್ನು ಸೋಮಾರಿಗಳೆನ್ನುವುದು ನ್ಯಾಯವಲ್ಲ.